ಚಪ್ಪಟೆ ಬಟ್ಟೆ, ಉಬ್ಬುತಗ್ಗಿನ ಮೈ

ಮಗ್ಗದಿಂದ ಇಳಿಯುವ ಬಟ್ಟೆಯಲ್ಲಿ ಚಪ್ಪಟೆಯಲ್ಲದ ಭಾಗವೇ ಇಲ್ಲ. ಮನುಷ್ಯನ ಮೈಯಲ್ಲಿ ಚಪ್ಪಟೆಯಾದ ಭಾಗವೇ ಇಲ್ಲ. ಸ್ವಭಾವದಲ್ಲಿ ಒಂದಕ್ಕೊಂದು ಒಗ್ಗದ ಈ ಎರಡನ್ನು ಹೊಂದಿಸುವ ಉಪಾಯಕ್ಕೆ ಉಡುಪು ಎಂದು ಹೆಸರು. ದಿನವೂ ತೊಡುವ ಬಟ್ಟೆಯ ಹಿಂದೆ ಗಣಿತವೂ ಭೌತವಿಜ್ಞಾನವೂ ಎಷ್ಟಿವೆಯೆಂಬುದನ್ನು ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಬಟ್ಟೆ ಮೈಗೆ ಒಪ್ಪದಿದ್ದಾಗ ಮಾತ್ರ ಅದರ ಕಡೆಗೆ ಗಮನ ಹರಿಯುತ್ತದೆ. ಆಗಲೂ ದೂರುವುದು ಬಟ್ಟೆಯನ್ನಲ್ಲ, ಮೈಯನ್ನು.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಡದ ಮೇಲೆ, ಘತ್ತರಗಿ ಎಂಬ ಊರಿದೆ. ಭಾಗ್ಯವಂತಿ ದೇವಿಯ ಕ್ಷೇತ್ರವೆಂದು ಹೆಸರಾದ ಈ ಊರಿಗೆ ಸುತ್ತಲಿನ ಸೀಮೆಯಿಂದ ಜನರು ಬರುತ್ತಾರೆ. ಅಲ್ಲಿ ನೆರೆದ ಹೆಣ್ಣುಮಕ್ಕಳ ಉಡುಪನ್ನು ಗಮನಿಸಿದರೆ ಮೂರು ತಲೆಮಾರುಗಳು ಒಟ್ಟಿಗೆ ಕಾಣುತ್ತವೆ. ಅಜ್ಜಿ ಇಳಕಲ್ಲ ಸೀರೆಯುಟ್ಟು ಖಣದ ಕುಬಸ ತೊಟ್ಟಿರುತ್ತಾಳೆ. ಅವ್ವ ದರ್ಜಿಯ ಕೈಯಲ್ಲಿ ಹೊಲಿಸಿದ ರವಿಕೆ ತೊಟ್ಟಿರುತ್ತಾಳೆ. ಕಾಲೇಜಿಗೆ ಹೋಗುವ ಮಗಳು ಅಂಗಡಿಯಲ್ಲಿ ಕೊಂಡ ಸಿದ್ಧ ಉಡುಪಿನ ಕುರ್ತಾದಲ್ಲಿರುತ್ತಾಳೆ.

ಈ ಮೂವರದೂ ಒಂದೇ ಮೈಕಟ್ಟೆಂದು ಇಟ್ಟುಕೊಳ್ಳೋಣ: ಎದೆ ಮತ್ತು ನಿತಂಬ ತುಂಬಿಕೊಂಡಿವೆ, ನಡು ಅವುಗಳಿಗಿಂತ ಸಾಕಷ್ಟು ಕಿರಿದಾಗಿದೆ. ಇಂಥ ಮೈಕಟ್ಟಿನಿಂದ ಅಜ್ಜಿಗೆ ಉಡುಪಿನ ತೊಂದರೆ ಎಂದೂ ಬಂದಿಲ್ಲ. ಮಗಳಿಗಾದರೋ ಅಂಗಡಿಯಲ್ಲಿ ಪ್ರತಿ ಸಲವೂ ಅದೇ ಕಥೆ. ನಿತಂಬಕ್ಕೆ ಸರಿಯಾದ ಕುರ್ತಾ ನಡುವಿನಲ್ಲಿ ಚೀಲದಂತೆ ಜೋತುಬೀಳುತ್ತದೆ. ನಡುವಿಗೆ ಸರಿಯಾದದ್ದು ಎದೆಯನ್ನು ದಾಟಿ ಕೆಳಗಿಳಿಯುವುದೇ ಇಲ್ಲ. ನಾಲ್ಕಾರು ಉಡುಪುಗಳನ್ನು ತೊಟ್ಟು ಕಳಚಿದ ಮೇಲೆ ಅವಳು “ನನ್ನ ಮೈಯೇ ಸರಿಯಿಲ್ಲ” ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾಳೆ. ಈ ತೀರ್ಮಾನ ರೇಖಾಗಣಿತಕ್ಕೆ ವಿರುದ್ಧವಾದುದು. ಅದು ಹೇಗೆಂಬುದನ್ನು ಈಗ ವಿಚಾರಿಸೋಣ.

ಕೊಡ ಕಲಿಸುವ ಪಾಠ

ಒಂದು ಹಾಳೆ ಕಾಗದವನ್ನು ತೆಗೆದುಕೊಂಡು ಲಟ್ಟಣಿಗೆಗೆ ಸುತ್ತಿ ನೋಡಿ, ಸುಕ್ಕಿಲ್ಲದೆ ಸುತ್ತಿಕೊಳ್ಳುತ್ತದೆ. ಚುರುಮುರಿ ಕಟ್ಟುವ ಪೊಟ್ಟಣದಂತೆ ಶಂಕುವಿನ ಆಕಾರಕ್ಕೂ ಅದು ತೊಡಕಿಲ್ಲದೆ ಬರುತ್ತದೆ. ಅದೇ ಕಾಗದವನ್ನು ನೀರು ತರುವ ಕೊಡದ ಹೊಟ್ಟೆಗೆ ಒತ್ತಿ ಹಿಡಿಯಿರಿ, ಅಂಚಿನಲ್ಲಿ ಸುಕ್ಕುಗಳೇಳುತ್ತವೆ. ಕೊಡದ ಕಂಠಕ್ಕೆ ಅಂಟಿಸಲು ಹೋದರೆ ಅಂಚು ಸಾಲದೆ ಹರಿಯುತ್ತದೆ. ಲಟ್ಟಣಿಗೆಯೂ ಬಾಗಿದೆ, ಕೊಡವೂ ಬಾಗಿದೆ. ಆದರೂ ಏಕೆ ಈ ಭೇದ?

ಇದಕ್ಕೆ ಉತ್ತರವನ್ನು ಜರ್ಮನಿಯ ಗಣಿತಜ್ಞ ಗಾಸ್ 1827ರಲ್ಲಿ ಕೊಟ್ಟನು. ಲಟ್ಟಣಿಗೆ ಅಡ್ಡಕ್ಕೆ ಬಾಗಿದ್ದರೂ ಉದ್ದಕ್ಕೆ ನೆಟ್ಟಗಿದೆ. ಕೊಡದ ಹೊಟ್ಟೆ ಅಡ್ಡಕ್ಕೂ ಉದ್ದಕ್ಕೂ ಒಂದೇ ಕಡೆಗೆ ಬಾಗಿದೆ. ಕಂಠವು ಅಡ್ಡಕ್ಕೆ ಹೊರಗುಬ್ಬಿ, ಉದ್ದಕ್ಕೆ ಒಳಗೆ ತಗ್ಗಿದೆ. ಈ ಎರಡು ಬಾಗುಗಳನ್ನು ಗುಣಿಸಿದಾಗ ಬರುವ ಮೊತ್ತಕ್ಕೆ ಗಾಸನ ವಕ್ರತೆ ಎನ್ನುತ್ತಾರೆ. ಲಟ್ಟಣಿಗೆಯಲ್ಲಿ ಅದು ಸೊನ್ನೆ, ಕೊಡದ ಹೊಟ್ಟೆಯಲ್ಲಿ ಧನ, ಕಂಠದಲ್ಲಿ ಋಣ. ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಒಂದು ಹಾಳೆಯನ್ನು ಎಷ್ಟು ಮಡಿಸಿದರೂ ಬಾಗಿಸಿದರೂ ಈ ವಕ್ರತೆ ಬದಲಾಗದೆಂದು ಗಾಸ್ ಸಾಧಿಸಿದನು. ಚಪ್ಪಟೆ ಹಾಳೆಯ ವಕ್ರತೆ ಸೊನ್ನೆ. ಆದುದರಿಂದ ಅದು ಲಟ್ಟಣಿಗೆಯನ್ನು ಮುಚ್ಚಬಲ್ಲದು, ಕೊಡವನ್ನು ಮುಚ್ಚಲಾರದು. ಭೂಮಿಯ ಯಾವ ಚಪ್ಪಟೆ ಭೂಪಟವೂ ಪೂರ್ತಿ ಸತ್ಯವಾಗಿರಲಾರದೆಂಬುದಕ್ಕೂ ಇದೇ ಕಾರಣ.

ಹೆಣ್ಣಿನ ಮೈಕಟ್ಟು ಕೊಡದ ಜಾತಿಯದು. ಎದೆ ಮತ್ತು ನಿತಂಬ ಕೊಡದ ಹೊಟ್ಟೆಯಂತೆ; ನಡು ಅದರ ಕಂಠದಂತೆ. ತೆಳ್ಳಗಿನ ನೇರ ಮೈಕಟ್ಟು ಲಟ್ಟಣಿಗೆಗೆ ಹತ್ತಿರವಾಗಿರುವುದರಿಂದ ಅದರ ಮೇಲೆ ಬಟ್ಟೆ ಸುಲಭವಾಗಿ ಕೂರುತ್ತದೆ. ಉಬ್ಬುತಗ್ಗು ಹೆಚ್ಚಿದಂತೆ ಬಟ್ಟೆಯ ಕೆಲಸ ಕಠಿನವಾಗುತ್ತದೆ. ಕಠಿನವಾಗುವುದು ದರ್ಜಿಯ ಕೆಲಸವೇ ಹೊರತು ಮೈಯಲ್ಲಿ ಯಾವ ದೋಷವೂ ಇಲ್ಲ.

ನಿರಿಗೆ, ಟಕ್ಸು, ಓರೆ

ಹಾಗಾದರೆ ಬಟ್ಟೆಯನ್ನು ಮೈಗೆ ಹೊಂದಿಸುವುದೆಂತು? ಮೊದಲ ಉಪಾಯ ಹೆಚ್ಚಿನ ಬಟ್ಟೆಯನ್ನು ಮಡಿಸಿ ಅಡಗಿಸುವುದು. ಸೀರೆಯ ನಿರಿಗೆ ಮಾಡುವ ಕೆಲಸ ಇದೇ. 12 ಸೆಂಟಿಮೀಟರ್ ಅಗಲದ ಒಂದು ನಿರಿಗೆ, ಹೋಗಿ ಬರುವಷ್ಟರಲ್ಲಿ, 24 ಸೆಂಟಿಮೀಟರ್ ಬಟ್ಟೆಯನ್ನು ನುಂಗುತ್ತದೆ. ಇಬ್ಬರಲ್ಲಿ ಒಬ್ಬಳ ನಿತಂಬದ ಸುತ್ತಳತೆ 90, ಇನ್ನೊಬ್ಬಳದು 114 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸೀರೆ ಮೈಯನ್ನು ಸುಮಾರು ಎರಡು ಸುತ್ತು ಬರುವುದರಿಂದ ಎರಡನೆಯವಳಿಗೆ 48 ಸೆಂಟಿಮೀಟರ್ ಬಟ್ಟೆ ಹೆಚ್ಚು ಬೇಕು. ಎಂದರೆ, ಎರಡು ನಿರಿಗೆ ಕಡಿಮೆ ಹಿಡಿದರೆ ತೀರಿತು! ಅದೇ ಸೀರೆ ಇಬ್ಬರಿಗೂ ಒಪ್ಪುತ್ತದೆ. ಬಸುರಿಗೂ ಬಾಣಂತಿಗೂ ಒಪ್ಪುತ್ತದೆ. ಕಚ್ಚೆ ಹಾಕಿ ಉಟ್ಟರೆ ಹೊಲದಲ್ಲಿ ಬಾಗಿ ಕೆಲಸ ಮಾಡಲು ಕಾಲಿಗೂ ಸ್ವಾತಂತ್ರ್ಯ ಉಂಟು. ಸೀರೆಯ ಅಳತೆಯನ್ನು ಪ್ರತಿ ಮುಂಜಾನೆ ಉಡುವವಳೇ ಹೊಸದಾಗಿ ನಿರ್ಣಯಿಸುತ್ತಾಳೆ.

ಎರಡನೆಯ ಉಪಾಯ ಕತ್ತರಿಸಿ ಜೋಡಿಸುವುದು. ಗುಳೇದಗುಡ್ಡದ ಖಣದಿಂದ ಹೊಲಿಯುವ ಹಳೆಯ ಕುಬಸದಲ್ಲಿ ಸಣ್ಣ ಸಣ್ಣ ತುಂಡುಗಳು ಸೇರಿ ಒಂದು ಉಬ್ಬಿದ ಆಕಾರವನ್ನು ಕೊಡುತ್ತವೆ. ಮುಂದೆ ಗಂಟು ಹಾಕಿಕೊಳ್ಳುವ ಕುಬಸವಾದರೆ ಗಂಟನ್ನು ಸಡಿಲಿಸಿಯೋ ಬಿಗಿಸಿಯೋ ಅಳತೆಯನ್ನು ತಿದ್ದಿಕೊಳ್ಳಬಹುದು. ಇಂದಿನ ರವಿಕೆಯಲ್ಲಿ ದರ್ಜಿಗಳು ಹಿಡಿಯುವ ಟಕ್ಸು ಕೂಡ ಇದೇ ತತ್ತ್ವದ್ದು. ಬಟ್ಟೆಯಿಂದ ಒಂದು ತ್ರಿಕೋನವನ್ನು ಮಡಿಸಿ ಹೊಲಿದರೆ ಅದರ ತುದಿಯಲ್ಲಿ ಶಂಕುವಿನಂಥ ಉಬ್ಬು ಹುಟ್ಟುತ್ತದೆ. ತ್ರಿಕೋನ ಅಗಲವಾದಷ್ಟೂ ಉಬ್ಬು ಹೆಚ್ಚು. ತುಂಬಿದ ಎದೆಗೆ ಅಗಲವಾದ ಒಂದೇ ಟಕ್ಸಿಗಿಂತ ಕಿರಿದಾದ ಎರಡು ಮೂರು ಟಕ್ಸುಗಳು ಮೇಲು. ಏಕೆಂದರೆ ಒಂದೇ ಟಕ್ಸು ಚೂಪಾದ ಮೊನೆಯನ್ನು ಮಾಡುತ್ತದೆ, ಹಲವು ಸೇರಿದರೆ ದುಂಡಗಿನ ಆಕಾರ ಬರುತ್ತದೆ.

ಮೂರನೆಯ ಉಪಾಯ ಬಹು ಸ್ವಾರಸ್ಯವಾದುದು. ಒಂದು ಹತ್ತಿಯ ಕರವಸ್ತ್ರವನ್ನು ಹಾಸುನೂಲಿನ ನೇರಕ್ಕೆ ಎಳೆಯಿರಿ, ಅದು ಹಿಗ್ಗುವುದಿಲ್ಲ. ಹೊಕ್ಕುನೂಲಿನ ನೇರಕ್ಕೆ ಎಳೆದರೂ ಹಾಗೆಯೇ. ಈಗ ಎದುರು ಬದುರಿನ ಮೂಲೆಗಳನ್ನು ಹಿಡಿದು ಓರೆಯಾಗಿ ಎಳೆಯಿರಿ, ಧಾರಾಳವಾಗಿ ಹಿಗ್ಗುತ್ತದೆ! ನೂಲುಗಳೇನೂ ಉದ್ದವಾಗಲಿಲ್ಲ, ಅವುಗಳ ನಡುವಣ ಲಂಬಕೋನ ಮಾತ್ರ ಬದಲಾಯಿತು, ಚೌಕಗಳು ವಜ್ರಾಕೃತಿ ತಾಳಿದವು. ಕಾಗದಕ್ಕಿಲ್ಲದ ಈ ಗುಣದಿಂದ ಬಟ್ಟೆ ಗಾಸನ ನಿಯಮದ ಬಿಗಿಯಿಂದ ಸ್ವಲ್ಪ ಬಿಡುಗಡೆ ಪಡೆಯುತ್ತದೆ. ರಷ್ಯದ ಗಣಿತಜ್ಞ ಚೆಬಿಶೆವ್ 1878ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಮ್ಮೇಳನವೊಂದರಲ್ಲಿ ಉಡುಪುಗಳನ್ನು ಕತ್ತರಿಸುವ ವಿಷಯವಾಗಿಯೇ ಉಪನ್ಯಾಸ ಮಾಡಿದನು. ಬಟ್ಟೆಯನ್ನು ನೂಲುಗಳ ಬಲೆಯೆಂದು ಭಾವಿಸಿ, ಗೋಳವೊಂದನ್ನು ಮುಚ್ಚಲು ಅದನ್ನು ಹೇಗೆ ಕತ್ತರಿಸಬೇಕೆಂದು ಅವನು ಲೆಕ್ಕ ಹಾಕಿದನು. ಮುಂದೆ 1920ರ ದಶಕದಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಮ್ಯಾಡ್ಲೀನ್ ವಿಯೋನೆ ಎಂಬ ಉಡುಪುಗಾರ್ತಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಮೈಯ ಉಬ್ಬುತಗ್ಗನ್ನು ಅನುಸರಿಸುವ ಉಡುಪುಗಳಿಗೆ ಹೆಸರಾದಳು. ನಮ್ಮ ಚೂಡಿದಾರದ ಪಾಯಿಜಾಮವನ್ನೂ ಸಂಪ್ರದಾಯದಂತೆ ಓರೆಯಾಗಿಯೇ ಕತ್ತರಿಸುತ್ತಾರೆ. ಮೀನಖಂಡಕ್ಕೆ ಅಂಟಿಕೊಂಡಿದ್ದರೂ ಅದರಲ್ಲಿ ಕುಳಿತೇಳಲು ಸಾಧ್ಯವಾಗುವುದು ಇದರಿಂದಲೇ.

ಐದು ಸೈಜುಗಳ ಲೆಕ್ಕ

ಇಷ್ಟೆಲ್ಲ ಉಪಾಯಗಳಿದ್ದೂ ಸಿದ್ಧ ಉಡುಪು ಮಗಳಿಗೆ ಒಪ್ಪದಿರುವುದೇಕೆ? ಅದನ್ನು ಹೊಲಿಯುವಾಗ ಅವಳು ಅಲ್ಲಿರುವುದಿಲ್ಲ. ಯಾವುದೋ ಒಂದು ಮಾದರಿ ಮೈಯನ್ನು ಇಟ್ಟುಕೊಂಡು, ಅದನ್ನೇ ಎಲ್ಲ ಕಡೆಯೂ ಒಟ್ಟಿಗೆ ಹಿಗ್ಗಿಸಿ ಕುಗ್ಗಿಸಿ ಐದಾರು ಸೈಜುಗಳನ್ನು ಮಾಡುತ್ತಾರೆ. ಎದೆ, ನಡು, ನಿತಂಬಗಳಲ್ಲಿ ಒಂದೊಂದೂ ಕಿರಿದು, ಮಧ್ಯಮ, ಹಿರಿದು ಎಂದು ಮೂರೇ ಬಗೆಯೆಂದುಕೊಂಡರೂ 27 ಜೋಡಣೆಗಳಾಗುತ್ತವೆ. ಭುಜದ ಅಗಲವನ್ನೂ ಎತ್ತರವನ್ನೂ ಸೇರಿಸಿದರೆ 243! ಇವೆಲ್ಲವೂ ಸಮಾನವಾಗಿ ಕಂಡುಬರುವುದಿಲ್ಲವೆಂಬುದು ನಿಜ. ಆದರೂ ಐದಾರು ಸೈಜುಗಳು ಅನೇಕರನ್ನು ಹೊರಗೇ ನಿಲ್ಲಿಸುವುದರಲ್ಲಿ ಆಶ್ಚರ್ಯವೇನಿದೆ?

ಸರಾಸರಿಯ ಈ ಭ್ರಮೆಗೆ ಪ್ರಸಿದ್ಧವಾದ ಉದಾಹರಣೆಯೊಂದುಂಟು. ಅಮೆರಿಕದ ವಾಯುಪಡೆ 1950ರಲ್ಲಿ 4,063 ವಿಮಾನಚಾಲಕರ ಮೈಯನ್ನು ಅಳೆಯಿಸಿತು. ಮುಖ್ಯವಾದ ಹತ್ತು ಅಳತೆಗಳಲ್ಲಿಯೂ ಸರಾಸರಿಯ ಸಮೀಪದಲ್ಲಿರುವವರು ಎಷ್ಟು ಮಂದಿಯೆಂದು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕನು ಹುಡುಕಿದನು. ಅಂಥವನು ಒಬ್ಬನೂ ಸಿಕ್ಕಲಿಲ್ಲ. ಅದಕ್ಕೂ ಮುಂಚೆ ಅಲ್ಲಿಯ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರ ಅಳತೆ ತೆಗೆದು 1941ರಲ್ಲಿ ವರದಿ ಪ್ರಕಟಿಸಿತ್ತು. ಬಿಳಿಯರಲ್ಲದವರ ಅಳತೆಗಳನ್ನು ಅದರ ಲೆಕ್ಕದಿಂದ ಕೈಬಿಡಲಾಗಿತ್ತು. ಅದನ್ನು ಆಧರಿಸಿ 1958ರಲ್ಲಿ ಹೊರಬಂದ ಸೈಜುಗಳ ಮಾನಕವನ್ನು 1983ರಲ್ಲಿ ಹಿಂತೆಗೆದುಕೊಂಡರು. ಯಾರ ಮೈಯನ್ನು ಅಳೆಯಲಿಲ್ಲವೋ ಅವರಿಗೆ ಉಡುಪು ಒಪ್ಪುವುದಾದರೂ ಹೇಗೆ? ಭಾರತದಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ‘ಇಂಡಿಯಾ ಸೈಜ್’ ಎಂಬ ಯೋಜನೆಯನ್ನು ಕೈಗೊಂಡಿದ್ದು, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ಯಂತ್ರಗಳಿಂದ ಅಳೆಯುವುದು ಅದರ ಗುರಿಯಾಗಿತ್ತು. ನಮ್ಮವರ ಮೈಗೆ ನಮ್ಮದೇ ಅಳತೆ ಬೇಕೆಂಬ ಅರಿವು ಇದರ ಹಿಂದಿದೆ.

ಬಿಗಿತದ ಬೆಲೆ

ಒಪ್ಪದ ಉಡುಪನ್ನು ಬಿಗಿದು ತೊಟ್ಟರೆ ಆಗುವ ತೊಂದರೆ ಬರಿಯ ಅಂದಗೇಡಲ್ಲ. ಸುತ್ತಿ ಕಟ್ಟಿದ ಲಾಡಿ ಮೈಯ ಮೇಲೆ ಹಾಕುವ ಒತ್ತಡವನ್ನು ಕಂಡುಹಿಡಿಯಲು ಸುಲಭವಾದ ಸೂತ್ರವಿದೆ: ಎಳೆತವನ್ನು ಲಾಡಿಯ ಅಗಲ ಮತ್ತು ಬಾಗಿನ ತ್ರಿಜ್ಯ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಒಳಲಂಗದ ಲಾಡಿಯಲ್ಲಿ 10 ನ್ಯೂಟನ್ ಎಳೆತವಿದೆ ಎನ್ನೋಣ. ಇದು ಸುಮಾರು ಒಂದು ಕಿಲೋಗ್ರಾಂ ತೂಕಕ್ಕೆ ಸಮ. ಲಾಡಿಯ ಅಗಲ 5 ಮಿಲಿಮೀಟರ್, ನಡುವಿನ ತ್ರಿಜ್ಯ 12.5 ಸೆಂಟಿಮೀಟರ್ ಆದರೆ ಒತ್ತಡ 16,000 ಪ್ಯಾಸ್ಕಲ್, ಎಂದರೆ ಪಾದರಸದ ಸುಮಾರು 120 ಮಿಲಿಮೀಟರ್. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವಾದರೋ ಸುಮಾರು 15ರಿಂದ 35 ಮಿಲಿಮೀಟರ್ ಮಾತ್ರ. ಲಾಡಿಯ ಕೆಳಗೆ ರಕ್ತಸಂಚಾರ ಕುಂದುವುದು ಸಹಜವೇ ಸರಿ. ಅದೇ ಎಳೆತವನ್ನು 4 ಸೆಂಟಿಮೀಟರ್ ಅಗಲದ ಪಟ್ಟಿಗೆ ಹಂಚಿದರೆ ಒತ್ತಡ ಎಂಟನೆಯ ಒಂದು ಪಾಲಿಗೆ, 15 ಮಿಲಿಮೀಟರಿಗೆ, ಇಳಿಯುತ್ತದೆ. ತ್ರಿಜ್ಯ ಛೇದದಲ್ಲಿರುವುದರಿಂದ, ಮೈ ಹೆಚ್ಚು ತಿರುವು ತೆಗೆದುಕೊಳ್ಳುವ ಪಕ್ಕಗಳಲ್ಲಿ ಲಾಡಿ ಹೆಚ್ಚು ಕೊರೆಯುತ್ತದೆ.

ವರ್ಷಗಟ್ಟಲೆ ಒಂದೇ ಕಡೆ ಉಜ್ಜುವ ಲಾಡಿಯಿಂದ ಚರ್ಮ ಕಪ್ಪಾಗುವುದನ್ನೂ ಹುಣ್ಣಾಗುವುದನ್ನೂ ವೈದ್ಯರು ಬಲ್ಲರು. ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿಯೇ ಧೋತರ ಕಟ್ಟುವ ಜಾಗದಲ್ಲಿ ಉಂಟಾದ ಅರ್ಬುದವನ್ನು ವರ್ಣಿಸಿದ್ದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು, ನಡುವಿಗೆ ಬಿಗಿಯಾಗಿ ಕಟ್ಟಿದ ಉಡುಪಿನಿಂದ ಮಾಯದ ಹುಣ್ಣಾಗಿ ಅದು ಅರ್ಬುದಕ್ಕೆ ತಿರುಗಿದ ಇಬ್ಬರು ಮಹಿಳೆಯರ ವೃತ್ತಾಂತವನ್ನು ಪ್ರಕಟಿಸಿದರು. ಇಂಥವು ಬಹಳ ವಿರಳ. ಆದರೂ ಸಡಿಲವಾದ, ಅಗಲವಾದ ಪಟ್ಟಿ ಕೇವಲ ಸೌಖ್ಯದ ಮಾತಲ್ಲವೆಂಬುದಕ್ಕೆ ಇವು ಸಾಕ್ಷಿ. ಅಜ್ಜಿಯ ಸೀರೆಗೆ ಅಳತೆಯ ತೊಂದರೆ ಇರಲಿಲ್ಲವಾದರೂ ಈ ಎಚ್ಚರ ಎಲ್ಲ ತಲೆಮಾರಿಗೂ ಬೇಕು.

ಸಡಿಲಿಕೆ ಎಷ್ಟಿರಬೇಕು? ಪರಿಧಿ ತ್ರಿಜ್ಯದ 2π ಪಟ್ಟು ಎಂಬುದನ್ನು ನೆನೆಯಿರಿ. ಮೈಯ ಸುತ್ತಳತೆಗಿಂತ ಬಟ್ಟೆಯ ಸುತ್ತಳತೆ 6.3 ಸೆಂಟಿಮೀಟರ್ ಹೆಚ್ಚಾಗಿದ್ದರೆ ಎಲ್ಲ ಕಡೆಗೂ ದೊರೆಯುವ ಎಡೆ ಒಂದೇ ಸೆಂಟಿಮೀಟರ್. ಮೈ ತೆಳ್ಳಗಿರಲಿ ದಪ್ಪಗಿರಲಿ, ಈ ಲೆಕ್ಕ ಬದಲಾಗದು. ದೀರ್ಘವಾಗಿ ಉಸಿರೆಳೆದಾಗ ಎದೆಯ ಸುತ್ತಳತೆಯೇ ಕೆಲವು ಸೆಂಟಿಮೀಟರ್ ಹೆಚ್ಚುತ್ತದೆ; ಕುಳಿತಾಗ ನಿತಂಬವೂ ಹರಡುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಮೈಯನ್ನು ತಂಪಾಗಿಡುವುದು ಬೆವರಿನ ಆವಿಯಾಗುವಿಕೆಯೊಂದೇ. ಅದಕ್ಕೆ ಬಟ್ಟೆಗೂ ಚರ್ಮಕ್ಕೂ ನಡುವೆ ಗಾಳಿಯಾಡಬೇಕು. ಆ ಒಂದು ಸೆಂಟಿಮೀಟರನ್ನು ಧಾರಾಳತನವೆಂದು ತಿಳಿಯಬಾರದು, ಅದು ಅವಶ್ಯಕತೆ.

ಕೊಳ್ಳುವಾಗ, ಹೊಲಿಸುವಾಗ

ಇಷ್ಟನ್ನು ತಿಳಿದ ಮೇಲೆ ಅಂಗಡಿಯಲ್ಲಿ ನಡೆದುಕೊಳ್ಳಬೇಕಾದ ರೀತಿ ತಾನಾಗಿ ಹೊಳೆಯುತ್ತದೆ. ಮೈಯ ಅತ್ಯಂತ ಹಿರಿದಾದ ಭಾಗಕ್ಕೆ ಒಪ್ಪುವ ಉಡುಪನ್ನು ಕೊಂಡು, ಉಳಿದ ಕಡೆ ದರ್ಜಿಯಿಂದ ಹಿಡಿಸಬೇಕು. ಹೆಚ್ಚಿನ ಬಟ್ಟೆಯನ್ನು ಟಕ್ಸಿನಲ್ಲಿ ಅಡಗಿಸಬಹುದು. ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುವುದು? ಕುರ್ತಾದ ಪಕ್ಕದ ಸೀಳು ನಿತಂಬದ ಹಿರಿದಾದ ಭಾಗಕ್ಕಿಂತ ಮೇಲೆಯೇ ಆರಂಭವಾಗಿದ್ದರೆ ಅಲ್ಲಿ ಎಳೆತವಿರುವುದಿಲ್ಲ. ಮೇಲೆ ಸರಿಯಾಗಿ ಕೂತು ಕೆಳಗೆ ಅಗಲವಾಗುತ್ತ ಹೋಗುವ ಕತ್ತರಿಕೆ ಶಂಕುವಿನ ಆಕಾರದ್ದು; ಶಂಕುವಿಗೆ ಬಟ್ಟೆ ಸುಲಭವಾಗಿ ಬರುತ್ತದೆಂದು ಚುರುಮುರಿ ಪೊಟ್ಟಣವೇ ಹೇಳಿದೆ. ಕಂಕುಳಲ್ಲಿ ಸಣ್ಣ ಚೌಕದ ತುಂಡೊಂದನ್ನು ಸೇರಿಸಿದರೆ ಕೈಯೆತ್ತಿದಾಗ ಉಡುಪು ಮೇಲೇರುವುದಿಲ್ಲ. ಹೊಲಿಸುವಾಗ ಒಳಗಡೆ ಎರಡು ಬೆರಳು ಬಟ್ಟೆ ಬಿಡಿಸಿದರೆ ಮುಂದೆ ಹೊಲಿಗೆ ಬಿಚ್ಚಿ ಅಗಲಿಸಬಹುದು.

ಒಂದು ಟೇಪು, ಒಂದು ಕರವಸ್ತ್ರ, ಒಂದು ಕೊಡ: ಇಷ್ಟಿದ್ದರೆ ನಮ್ಮ ವಿದ್ಯಾರ್ಥಿಗಳು ಇಲ್ಲಿ ಹೇಳಿದ್ದನ್ನೆಲ್ಲ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಮುಂದೆ ಯಾವುದಾದರೊಂದು ಉಡುಪು ಮೈಗೆ ಒಪ್ಪದಿದ್ದಾಗ ‘ನನ್ನಲ್ಲಿ ಏನು ಕೊರತೆ?’ ಎಂದು ಕೇಳುವುದಕ್ಕೆ ಬದಲಾಗಿ, ‘ಈ ಬಟ್ಟೆಯಲ್ಲಿ ಒಂದು ಟಕ್ಸು ಎಲ್ಲಿ ಬೇಕಾಗಿತ್ತು?’ ಎಂದು ಕೇಳುವುದು ಉಚಿತ. ಮೊದಲನೆಯ ಪ್ರಶ್ನೆಗೆ ಉತ್ತರವಿಲ್ಲ. ಎರಡನೆಯದಕ್ಕೆ ಸೂಜಿ ದಾರ ಬಲ್ಲ ಯಾರಾದರೂ ಉತ್ತರ ಕೊಡಬಲ್ಲರು.