ಬಾಲದ ಎಂಜಿನ್ ಮತ್ತು ಅದನ್ನು ಕಟ್ಟುವವನ ಹೊಣೆ

ಹೊಳೆಯ ದಂಡೆಯಲ್ಲಿ ಬಾಳುವವರಿಗೆ ನೀರು ಏರಿದಾಗ ಒಂದು ಬಗೆಯ ಕಷ್ಟ, ನೀರು ಇಳಿದಾಗ ಇನ್ನೊಂದು ಬಗೆಯ ಕಷ್ಟ. ಇಳಿತದ ಹೊತ್ತಿನಲ್ಲಿ ಅಳಿವೆಯ ಬಳಿ ದೋಣಿಯೊಂದು ಕೆಸರಿಗೆ ಸಿಲುಕಿ ನಿಂತುದನ್ನು ಕರಾವಳಿಯ ಕುಟುಂಬಗಳು ಬಲ್ಲವು. ನೀರು ಮೊಣಕಾಲಿನಷ್ಟು ಮಾತ್ರ. ಇಳಿದು ನಡೆಯೋಣವೆಂದರೆ ಕಾಲು ಹೂತುಹೋಗುತ್ತದೆ. ಎಂಜಿನ್ ಓಡಿಸೋಣವೆಂದರೆ ಪ್ರೊಪೆಲ್ಲರ್ ತಳಕ್ಕೆ ತಾಗುತ್ತದೆ. ಇಂತಹ ನೀರಿನಲ್ಲಿಯೇ ಬದುಕಿನುದ್ದಕ್ಕೂ ಓಡಾಡಬೇಕಾದ ಜನರು ಲೋಕದ ಹಲವು ಕಡೆ ಇದ್ದಾರೆ. ಅವರು ತಮ್ಮ ಕೈಯಾರೆ ಕಂಡುಕೊಂಡ ಒಂದು ಪರಿಹಾರವನ್ನು ಈ ವಾರ ಓದುಗ ಬಂಧುಗಳೊಡನೆ ಪರಿಶೀಲಿಸಲು ಬಯಸುತ್ತೇವೆ.

ಥಾಯ್ಲೆಂಡಿನ ಕಾಲುವೆಗಳಲ್ಲಿ ಅದನ್ನು ಹೊತ್ತ ದೋಣಿಗೆ 'ಉದ್ದ ಬಾಲದ ದೋಣಿ' ಎಂದು ಹೆಸರು. ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯಲ್ಲಿ ಅದು 'ಸಿಗಡಿ ಬಾಲದ ಎಂಜಿನ್'. ಬ್ರೆಜಿಲ್ ದೇಶದ ಅಮೆಜಾನ್ ತೀರದಲ್ಲಿ 'ರಬೇತಾ', ಅಂದರೆ ಪುಟ್ಟ ಬಾಲ. ಅಮೆರಿಕದ ಲೂಯಿಸಿಯಾನದ ಜವುಗು ನಾಡಿನಲ್ಲಿ, 1755ರಲ್ಲಿ ಕೆನಡಾದ ಕರಾವಳಿಯಿಂದ ಹೊರದೂಡಲ್ಪಟ್ಟ ಫ್ರೆಂಚ್ ಕಥೋಲಿಕರ ಸಂತತಿಯವರು ನೆಲೆಸಿದ ಆ ಸೀಮೆಯಲ್ಲಿ, ಅದು 'ಕೆಸರಿನ ಮೋಟಾರು'. ಹೆಸರು ಬೇರೆಯಾದರೂ ಯುಕ್ತಿ ಒಂದೇ.

ಯಾವ ವಸ್ತುವನ್ನಾದರೂ ಸರಿಯಾಗಿ ಅರಿಯಬೇಕಾದರೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ಅರಿಸ್ಟಾಟಲ್ ಹೇಳಿದುದನ್ನು ನಾವು ಸೆಮಿನರಿಯಲ್ಲಿ ಕಲಿತೆವು. ಅದು ಯಾವುದರಿಂದ ಆಗಿದೆ? ಅದರ ರೂಪವೇನು? ಅದನ್ನು ಮಾಡಿದವರು ಯಾರು? ಅದು ಯಾವ ಉದ್ದೇಶಕ್ಕಾಗಿ ಇದೆ? ಈ ನಾಲ್ಕು ಪ್ರಶ್ನೆಗಳನ್ನು ಈ ಸಾಮಾನ್ಯ ಎಂಜಿನ್ನಿಗೂ ಕೇಳಿ ನೋಡೋಣ.

ದ್ರವ್ಯ ಮತ್ತು ರೂಪ

ದೋಣಿಗಳ ಹಿಂಬದಿಗೆ ತೂಗುಹಾಕುವ ಸಾಧಾರಣ ಎಂಜಿನ್ನಿನ ಕಾಲು ನೇರವಾಗಿ ಕೆಳಗಿಳಿಯುತ್ತದೆ. ಪ್ರೊಪೆಲ್ಲರ್ ದೋಣಿಯ ತಳಕ್ಕಿಂತ ಕೆಳಗೆ ತಿರುಗುತ್ತದೆ. ಎಂಜಿನ್ ತಣ್ಣಗಿರಲು ಹೊಳೆಯ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಆಳವಾದ ನೀರಿಗೆ ಇದು ಯೋಗ್ಯವಾದ ಏರ್ಪಾಡು. ಆಳವಿಲ್ಲದ ಕಡೆಯಲ್ಲಾದರೋ ಪ್ರೊಪೆಲ್ಲರ್ ಬೇರು, ಕಲ್ಲುಗಳಿಗೆ ಬಡಿಯುತ್ತದೆ. ನೀರಿನ ಬದಲು ಕೆಸರನ್ನು ಎಳೆದುಕೊಂಡ ಎಂಜಿನ್ ಕಾದುಹೋಗುತ್ತದೆ.

ಬಾಲದ ಎಂಜಿನ್ ಈ ಎರಡು ತೊಡಕುಗಳನ್ನೂ ನೀಗಿಸುತ್ತದೆ. ನೀರೆತ್ತುವ ಸಣ್ಣ ಪಂಪಿನಲ್ಲಿಯೂ ಜನರೇಟರಿನಲ್ಲಿಯೂ ಇರುವಂತಹ, ಗಾಳಿಯಿಂದ ತಣಿಯುವ 5ರಿಂದ 7 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಇದಕ್ಕೆ ಸಾಕು. ಅದಕ್ಕೆ 5–8 ಅಡಿ ಉದ್ದದ ಕಬ್ಬಿಣದ ಕೊಳವೆಯನ್ನು ಜೋಡಿಸಿ, ಕೊಳವೆಯ ಒಳಗೆ ಉಕ್ಕಿನ ಶಾಫ್ಟ್ ಹಾಯಿಸುತ್ತಾರೆ. ಶಾಫ್ಟಿನ ತುದಿಯಲ್ಲಿ ಚಿಕ್ಕ ಪ್ರೊಪೆಲ್ಲರ್. ಕೊಳವೆಯು ದೋಣಿಯ ಹಿಂದೆ ಬಾಲದಂತೆ ಚಾಚಿ, ಅಲ್ಪ ಇಳಿಜಾರಿನಲ್ಲಿ ನೀರನ್ನು ಮುಟ್ಟುತ್ತದೆ. ಆದ್ದರಿಂದ ಪ್ರೊಪೆಲ್ಲರ್ ನೀರಿನ ಮೇಲ್ಮೈಯ ಸಮೀಪದಲ್ಲಿಯೇ ತಿರುಗುತ್ತದೆ. ಅದರ ಕೆಳಗೆ ಬೆಸೆದ ಒಂದು ಕಬ್ಬಿಣದ ರೆಕ್ಕೆ ಮರದ ದಿಮ್ಮಿಗಳ ಮೇಲೆ ಜಾರಿ ಅಲಗುಗಳನ್ನು ಕಾಯುತ್ತದೆ.

ಇಡೀ ಯಂತ್ರವು ದೋಣಿಯ ಹಿಂಬದಿಯಲ್ಲಿ ತಕ್ಕಡಿಯಂತೆ ಒಂದು ಕೀಲಿನ ಮೇಲೆ ಕುಳಿತಿರುತ್ತದೆ. ಒಂದು ಕಡೆ ಎಂಜಿನ್ನಿನ ಭಾರ, ಇನ್ನೊಂದು ಕಡೆ ಬಾಲದ ಉದ್ದ. ಈ ತೂಕ ಸರಿಹೊಂದಿದರೆ ಒಂದು ಕೈಯಿಂದಲೇ ಹಿಡಿಕೆಯನ್ನು ಅದುಮಿ ಬಾಲವನ್ನು ಮೇಲೆತ್ತಬಹುದು. ಎಡಬಲಕ್ಕೆ ತಿರುಗಿಸಿ ದೋಣಿಯ ದಿಕ್ಕನ್ನೂ ಬದಲಿಸಬಹುದು. ಪ್ರತ್ಯೇಕ ಚುಕ್ಕಾಣಿ ಬೇಡ, ಗೇರುಗಳೂ ಬೇಡ.

ಮಾಡಿದವರು ಯಾರು?

ಇದನ್ನು ತಯಾರಿಸಿ ಮಾರುವ ಕಂಪೆನಿಗಳು ಇಂದು ಇವೆಯಾದರೂ, ಹಳ್ಳಿಗಳ ವೆಲ್ಡಿಂಗ್ ಅಂಗಡಿ ಮತ್ತು ಲೇತ್ ಯಂತ್ರಗಳೇ ಇದರ ತವರು. 1960ರ ದಶಕದ ಆರಂಭದಲ್ಲಿ ಮೆಕಾಂಗ್ ರೈತರು ಇದೇ ಎಂಜಿನ್ನನ್ನು ಇನ್ನೊಂದು ಕೆಲಸಕ್ಕೂ ಹೂಡಿದರು. ಪ್ರೊಪೆಲ್ಲರನ್ನು ಒಂದು ಅಗಲ ಕೊಳವೆಯೊಳಗೆ ಇಳಿಸಿ ತಿರುಗಿಸಿದಾಗ ಕಾಲುವೆಯ ನೀರು ಗದ್ದೆಗೆ ಏರಿತು. ದೋಣಿಯ ಎಂಜಿನ್ ಪಂಪೂ ಆಯಿತು. ಹೆಚ್ಚು ಓದಿಲ್ಲದವರ ಕೈಗಳಲ್ಲಿಯೂ ಎಷ್ಟು ಬುದ್ಧಿ ನೆಲೆಸಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಆದರೆ ಕೈಗೆಲಸಕ್ಕೂ ತನ್ನದೇ ಆದ ಶಿಸ್ತು ಉಂಟು. ಎಂಜಿನ್ನೂ ಶಾಫ್ಟೂ ಒಂದೇ ರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಇಡೀ ದೋಣಿ ನಡುಗುತ್ತದೆ. ಉದ್ದನೆಯ ತೆಳು ಶಾಫ್ಟ್ ನಿಮಿಷಕ್ಕೆ 3,600 ಸುತ್ತುಗಳ ವೇಗದಲ್ಲಿ ಹಗ್ಗದಂತೆ ಬಳುಕತೊಡಗುವುದರಿಂದ ನಡುನಡುವೆ ಆಧಾರ ಕೊಡಬೇಕು. ಪ್ರೊಪೆಲ್ಲರ್ ದೋಣಿಯನ್ನು ಮುಂದೂಡುವಾಗ ಅದರ ಒತ್ತಡವೆಲ್ಲ ಶಾಫ್ಟಿನ ಮೂಲಕ ಎಂಜಿನ್ನಿನ ಕಡೆಗೆ ಬರುತ್ತದೆ. ಆ ಒತ್ತಡವನ್ನು ಹೊರುವ ಬೇರಿಂಗನ್ನು ಕೊಳವೆಯಲ್ಲಿಯೇ ಕೂರಿಸದಿದ್ದರೆ ಎಂಜಿನ್ ಬೇಗನೆ ಹಾಳಾಗುತ್ತದೆ. ಮರಳು ಮಿಶ್ರಿತ ನೀರು ಒಳಸೇರದಂತೆ ತುದಿಯಲ್ಲಿ ಸೀಲ್, ಒಳಗೆ ಗ್ರೀಸ್ ಇರಬೇಕು. ಹೊರಗಣ್ಣಿಗೆ ಕಾಣದ ಈ ಕೆಲಸಗಳಲ್ಲಿಯೇ ಒಳ್ಳೆಯ ಕುಶಲಕರ್ಮಿಯ ಪ್ರಾಮಾಣಿಕತೆ ಅಡಗಿದೆ.

ಉದ್ದೇಶವೇನು?

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ದೋಣಿ ಓಡುವುದು ಯಾರಿಗಾಗಿ? ಅಮೆಜಾನ್ ತೀರದಲ್ಲಿ ಮಕ್ಕಳು ಶಾಲೆಗೆ ಹೋಗುವುದು ದೋಣಿಯಲ್ಲಿ. ರೋಗಿಯನ್ನು ವೈದ್ಯರ ಬಳಿಗೆ ಒಯ್ಯುವುದೂ ಭಾನುವಾರ ದೇವಾಲಯಕ್ಕೆ ಹೋಗುವುದೂ ದೋಣಿಯಲ್ಲಿಯೇ. ಅಂದಮೇಲೆ ಎಂಜಿನ್ನಿನ ಉದ್ದೇಶ ವೇಗವಲ್ಲ, ಮನೆಯವರು ಕ್ಷೇಮವಾಗಿ ದಡ ಸೇರುವುದು.

ಇಲ್ಲಿ ನೋವಿನ ಸಂಗತಿಯೊಂದನ್ನು ಹೇಳಲೇಬೇಕು. ಅದೇ ಅಮೆಜಾನ್ ಪ್ರದೇಶದ ಅನೇಕ ಮರದ ದೋಣಿಗಳಲ್ಲಿ ಎಂಜಿನ್ನನ್ನು ದೋಣಿಯ ಒಳಗೇ ಇಡುತ್ತಾರೆ. ಇದು ಬಾಲದ ಎಂಜಿನ್ನಿನ ಸೋದರನೆಂದೇ ಹೇಳಬಹುದಾದ ಏರ್ಪಾಡು. ಇದರಲ್ಲಿ ಶಾಫ್ಟಿಗೆ ಕೊಳವೆಯ ಹೊದಿಕೆ ಇಲ್ಲ. ಪ್ರಯಾಣಿಕರು ಕುಳಿತಿರುವಲ್ಲಿಯೇ, ತಳದ ಗುಂಟ ಅದು ಬರಿದಾಗಿ ತಿರುಗುತ್ತದೆ. ತಳದಲ್ಲಿ ತುಂಬಿದ ನೀರನ್ನು ಎತ್ತಿ ಹಾಕಲೆಂದೋ ಬಿದ್ದ ವಸ್ತುವನ್ನು ಹೆಕ್ಕಲೆಂದೋ ಹೆಣ್ಣುಮಗಳೊಬ್ಬಳು ಬಾಗಿದಾಗ ಅವಳ ಉದ್ದ ಕೂದಲು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಕ್ಷಣಮಾತ್ರದಲ್ಲಿ ನೆತ್ತಿಯ ಚರ್ಮವೇ ಕಿತ್ತುಬರುತ್ತದೆ. ಕೆಲವೊಮ್ಮೆ ಕಿವಿ, ಹುಬ್ಬುಗಳೂ. ಬದುಕಿ ಉಳಿದವರಿಗೆ ಹಲವು ಶಸ್ತ್ರಚಿಕಿತ್ಸೆಗಳು ಬೇಕಾಗುತ್ತವೆ. ಕಿತ್ತುಹೋದ ಕಡೆ ಕೂದಲು ಮತ್ತೆ ಬೆಳೆಯುವುದಿಲ್ಲ. ಬೆಲೇಮ್ ನಗರದ ಸಾಂತಾ ಕಾಸಾ, ಅಂದರೆ ಕರುಣೆಯ ಪವಿತ್ರ ಗೃಹವೆಂಬ ಹೆಸರಿನ ಪುರಾತನ ಆಸ್ಪತ್ರೆಯು ಇಂತಹವರ ಶುಶ್ರೂಷೆ ಮಾಡುತ್ತಾ ಬಂದಿದೆ. ಗಾಯಗೊಂಡವರಲ್ಲಿ ಅನೇಕರು ಎಳೆಯ ಬಾಲಕಿಯರು. ದೋಣಿಯಾದರೋ ಬಹಳಷ್ಟು ಸಲ ಅವರ ಮನೆಯದೇ.

2009ರಲ್ಲಿ ಬ್ರೆಜಿಲ್ ಸರ್ಕಾರವು ದೋಣಿಯ ಎಂಜಿನ್, ಶಾಫ್ಟ್ ಮತ್ತು ಇತರ ಚಲಿಸುವ ಭಾಗಗಳಿಗೆ ಹೊದಿಕೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು. ಮರುವರ್ಷ, ಆಗಸ್ಟ್ 28ನ್ನು ಈ ದುರಂತದ ತಡೆಗಾಗಿ ರಾಷ್ಟ್ರೀಯ ದಿನವೆಂದು ಗೊತ್ತುಪಡಿಸಿತು. ನೌಕಾಪಡೆಯವರು ಹಳ್ಳಿಗಳಿಗೆ ಹೋಗಿ ಉಚಿತವಾಗಿ ಹೊದಿಕೆಗಳನ್ನು ಜೋಡಿಸಿಕೊಟ್ಟಿದ್ದಾರೆ. ಆ ಹೊದಿಕೆ ಯಾವ ಮಹಾ ಯಂತ್ರವೂ ಅಲ್ಲ. ಶಾಫ್ಟಿನ ಮೇಲೆ ಕವುಚಿದ ಒಂದು ಉದ್ದನೆಯ ಪೆಟ್ಟಿಗೆ, ಅಷ್ಟೇ. ಎಂಜಿನ್ ಕೂರಿಸಿದ ಕೈಗೆ ಅದನ್ನು ಮಾಡುವುದು ಒಂದು ದಿನದ ಕೆಲಸವೂ ಅಲ್ಲ.

ಹೊದಿಕೆಯೂ ಯಂತ್ರದ ಅಂಗ

ನಮ್ಮ ದೇಶದಲ್ಲಿ ಬೈಕಿನ ಹಿಂಚಕ್ರದ ಬದಿಗೆ ಇರುವ ಸೀರೆ ಗಾರ್ಡನ್ನು ಎಲ್ಲರೂ ಕಂಡಿದ್ದೇವೆ. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮರೆಮಾಡುವ ಸಾಧನ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಡುವ ತರುಣರೂ ಇದ್ದಾರೆ. ಹಾಗೆ ಬಿಚ್ಚುವಾಗ, ಹಿಂದೆ ಕುಳಿತುಕೊಳ್ಳುವವಳು ತನ್ನ ತಾಯಿಯೋ ತಂಗಿಯೋ ಆಗಿರಬಹುದೆಂಬ ವಿಚಾರ ಅವರಿಗೆ ಹೊಳೆಯುವುದಿಲ್ಲವೇ?

ಕಾರ್ಖಾನೆಯಿಂದ ಬಂದ ಯಂತ್ರಕ್ಕೆ ನಿಯಮ, ತಪಾಸಣೆಗಳ ಕಾವಲಿದೆ. ಮನೆಯಲ್ಲಿ ಕಟ್ಟಿದ ಯಂತ್ರಕ್ಕೆ ಕಟ್ಟಿದವನ ಮನಸ್ಸಾಕ್ಷಿಯೇ ಕಾವಲು. ಬಾಲದ ಎಂಜಿನ್ನಿನಲ್ಲಿ ಶಾಫ್ಟ್ ಕೊಳವೆಯೊಳಗೆ ಅಡಗಿದ್ದರೂ ಎಂಜಿನ್ ಮತ್ತು ಕೊಳವೆಯ ನಡುವಿನ ಜೋಡಣೆ ತೆರೆದೇ ಇರುತ್ತದೆ. ಅದನ್ನು ತಗಡಿನಿಂದ ಮುಚ್ಚಬೇಕು. ಗೇರು ಇಲ್ಲದುದರಿಂದ, ಕ್ಲಚ್ ಅಳವಡಿಸದಿದ್ದರೆ, ಎಂಜಿನ್ ಚಾಲೂ ಆದೊಡನೆ ಪ್ರೊಪೆಲ್ಲರೂ ತಿರುಗುತ್ತದೆ. ಆದಕಾರಣ ಬಾಲದ ಸಮೀಪ ಯಾರೂ ಇಲ್ಲವೆಂದು ನೋಡಿಯೇ ಹಗ್ಗ ಎಳೆಯಬೇಕು. ಚಾಲಕನು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಅವನ ಮಣಿಕಟ್ಟಿಗೂ ಎಂಜಿನ್ನಿನ ಸ್ವಿಚ್ಚಿಗೂ ಒಂದು ದಾರವಿರಬೇಕು. ದೋಣಿಯ ನೀರನ್ನು ಎತ್ತಿ ಹಾಕುವುದು ಎಂಜಿನ್ ನಿಂತ ಮೇಲೆಯೇ. ಕೂದಲನ್ನು ಕಟ್ಟಿ, ಸೆರಗನ್ನು ಸಿಕ್ಕಿಸಿಯೇ ದೋಣಿ ಏರಬೇಕು.

ಎಂಜಿನ್ ಓಡಿದರೆ ಸಾಕು, ಹೊದಿಕೆಯನ್ನು ಆಮೇಲೆ ನೋಡೋಣ ಎಂಬ ಮಾತು ಕಾರ್ಯಾಗಾರಗಳಲ್ಲಿ ಕೇಳಿಬರುವುದುಂಟು. ನಾಲ್ಕನೆಯ ಪ್ರಶ್ನೆಯನ್ನು ಕೇಳಿಕೊಂಡವನು ಹಾಗೆ ಹೇಳಲಾರ. ಮನೆಮಂದಿಯನ್ನು ದಡ ಸೇರಿಸುವುದೇ ಯಂತ್ರದ ಉದ್ದೇಶವಾದರೆ, ಅವರನ್ನು ಕಾಯುವ ಹೊದಿಕೆಯೂ ಪ್ರೊಪೆಲ್ಲರಿನಷ್ಟೇ ಅದರ ಅಂಗ. ಅದಿಲ್ಲದ ಯಂತ್ರ ಇನ್ನೂ ಅರ್ಧವೇ ಆಗಿದೆ. ದೋಣಿಯ ಎಂಜಿನ್ ಇರಲಿ, ಹಿತ್ತಲಿನ ಪಂಪಿನ ಬೆಲ್ಟ್ ಇರಲಿ, ಮೇವು ಕತ್ತರಿಸುವ ಚಕ್ರವಿರಲಿ, ನಮ್ಮ ಮನೆಗಳಲ್ಲಿ ತಿರುಗುವ ಭಾಗ ಯಾವುದಾದರೂ ಬರಿದಾಗಿ ಉಳಿದಿದೆಯೇ ಎಂದು ಈ ವಾರ ಒಮ್ಮೆ ನೋಡೋಣ. ಉಳಿದಿದ್ದರೆ ಅದನ್ನು ಮುಚ್ಚಿದ ಮೇಲೆಯೇ ಮುಂದಿನ ಸಲ ಸ್ವಿಚ್ ಒತ್ತೋಣ.