ಅಪಾಯಕ್ಕೆ ಒಡ್ಡುವವರು ಯಾರು?

ಕೆಲವು ವರ್ಷಗಳ ಹಿಂದೆ, ನಾನಿದ್ದ ಬ್ಯಾಂಕ್ ಶಾಖೆಗೆ ಮಾಂಬಲದ ಹಿರಿಯ ಕನ್ನಡಿಗರೊಬ್ಬರು ಮೊಬೈಲು ಹಿಡಿದು ಬಂದರು. ಅವರ ಪಾಸ್‌ವರ್ಡ್ ‘ಕಾಂಪ್ರಮೈಸ್’ ಆಗಿದೆಯೆಂಬ ಇಂಗ್ಲಿಷ್ ಸಂದೇಶ ಅದರಲ್ಲಿತ್ತು. “ನಾನು ಯಾರೊಡನೆ ರಾಜಿ ಮಾಡಿಕೊಂಡೆ ಸ್ವಾಮಿ?” ಎಂದು ಕೇಳಿದರು. ರಾಜಿಯಾದರೆ ತಂಟೆ ಮುಗಿದಂತೆಯೇ ಎಂದು ಭಾವಿಸಿ ಎರಡು ದಿನ ಸುಮ್ಮನಿದ್ದರಂತೆ. ಅಷ್ಟರಲ್ಲಿ ಪಿಂಚಣಿಯ ಹಣದಲ್ಲಿ ಒಂದು ಪಾಲು ಕೈಬಿಟ್ಟಿತ್ತು. ಒಂದು ಕ್ರಿಯಾಪದ ಅರ್ಥವಾಗದೆ ಆದ ನಷ್ಟವಿದು.

ಅಪಾಯಕ್ಕೆ ಗುರಿಮಾಡುವುದೆಂಬ ಒಂದೇ ಕ್ರಿಯೆಗೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ‘ಎಂಡೇಂಜರ್’ ಎಂಬುದರೊಳಗಿನ ‘ಡೇಂಜರ್’ ಹಳೆಯ ಫ್ರೆಂಚಿನಲ್ಲಿ ಒಡೆಯನ ಅಧಿಕಾರವನ್ನು ಸೂಚಿಸುತ್ತಿತ್ತು. ಶೇಕ್ಸ್‌ಪಿಯರನ ‘ದ ಮರ್ಚಂಟ್ ಆಫ್ ವೆನಿಸ್’ ನಾಟಕದಲ್ಲಿ ಸಾಲಗಾರ ಅಂಟೋನಿಯೊ ಷೈಲಾಕನ ಹಿಡಿತಕ್ಕೆ ಸಿಕ್ಕಿರುವುದನ್ನು ಹೇಳಲು ಬಂದಿರುವುದೂ ಈ ಪದವೇ. ‘ಜೆಪರ್ಡೈಸ್’ ಎಂಬುದರ ಮೂಲ, ಗೆಲುವು ಸೋಲು ಸಮವಾಗಿ ತೂಗುವ ಆಟ. ಆದುದರಿಂದ ಕೆಲಸ, ಮಾತುಕತೆ, ಭವಿಷ್ಯ ಇವು ಕೈತಪ್ಪುವಂತೆ ಮಾಡಿದಾಗ ಅದು ಹೆಚ್ಚು ಸಲ್ಲುತ್ತದೆ. ‘ಇಂಪೆರಿಲ್’ ಗಂಭೀರ ಬರವಣಿಗೆಯ ಮಾತು. ‘ರಿಸ್ಕ್’ ಎಂದರೆ ತಿಳಿದೂ ಅಪಾಯಕ್ಕೆ ಕೈಹಾಕುವುದು. ‘ಎಕ್ಸ್‌ಪೋಸ್’ ಎಂದರೆ ಮರೆಯಲ್ಲಿದ್ದುದನ್ನು ಹೊರಗಿಡುವುದು. ‘ಕಾಂಪ್ರಮೈಸ್’ ಮೊದಲು ಪರಸ್ಪರ ವಚನ, ಬಳಿಕ ರಾಜಿ, ಕ್ರಮೇಣ, ಭದ್ರವಾಗಿರಬೇಕಾದುದು ಅನ್ಯರ ಪಾಲಾಗುವುದು ಎಂಬ ಅರ್ಥವನ್ನೂ ಪಡೆಯಿತು. ನಮ್ಮ ಹಿರಿಯರಿಗೆ ಬಂದದ್ದು ಈ ಕೊನೆಯ ಅರ್ಥ.

ಕನ್ನಡವೇನೂ ಬಡವಲ್ಲ. ‘ಒಡ್ಡು’ ಎಂಬ ನಮ್ಮ ಧಾತುವನ್ನೇ ನೋಡಿ. ಬಿಸಿಲಿಗೆ ಮೈಯೊಡ್ಡುತ್ತೇವೆ, ಬಾಣಕ್ಕೆ ಎದೆಯೊಡ್ಡುತ್ತೇವೆ. ಧರ್ಮರಾಯ ದ್ರೌಪದಿಯನ್ನು ಪಣಕ್ಕೊಡ್ಡಿದ. ಹೊರಗಿಡುವುದು, ಎದುರಿಸುವುದು, ಜೂಜಿಗಿಡುವುದು ಮೂರೂ ಅದರಲ್ಲಿವೆ. ಜೊತೆಗೆ ಕುತ್ತು ತರುವುದು, ಸಂಚಕಾರ ತರುವುದು, ಬಲಿಗೊಡುವುದು ಎಂಬ ಛಾಯೆಗಳೂ ಉಂಟು. ಪ್ರಾಣಕ್ಕೆ ಕುತ್ತು, ನೌಕರಿಗೆ ಸಂಚಕಾರ. ಅದಲುಬದಲು ಮಾಡಿದರೆ ಕಿವಿಗೆ ಒಗ್ಗದು.

ಈ ಕ್ರಿಯಾಪದಗಳೆಲ್ಲ ಒಬ್ಬ ಕರ್ತೃವನ್ನು ಬೇಡುತ್ತವೆ. ಅಪಾಯ ತಾನಾಗಿ ಬರಲಿಲ್ಲ, ಯಾರೋ ತಂದರು ಎಂಬುದೇ ಅವುಗಳ ತಿರುಳು. ಕಾನೂನು ಹಿಡಿಯುವುದೂ ಇದನ್ನೇ. 1860ರ ಭಾರತೀಯ ದಂಡ ಸಂಹಿತೆಯ 336ನೆಯ ಕಲಮು, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮು, ಎರಡೂ ದುಡುಕಿನಿಂದಲೋ ಅಲಕ್ಷ್ಯದಿಂದಲೋ ಅನ್ಯರ ಪ್ರಾಣವನ್ನು ಅಪಾಯಕ್ಕೆ ಒಡ್ಡುವವನನ್ನು ಕುರಿತವು. ಯಾರಿಗೂ ಗಾಯವಾಗದಿದ್ದರೂ ಒಡ್ಡಿದ್ದೇ ಅಪರಾಧ. ನಮ್ಮ ಪ್ರಕಟಣೆಗಳಾದರೋ “ಅಪಾಯ ಉಂಟಾಗುವ ಸಂಭವವಿದೆ” ಎಂದು ಬರೆದು ಕರ್ತೃವನ್ನು ಮರೆಮಾಡುತ್ತವೆ.

‘ಎಂಡೇಂಜರ್ಡ್ ಲಾಂಗ್ವೇಜ್’ ಎಂಬುದನ್ನು ನಾವು ‘ಅಳಿವಿನಂಚಿನ ಭಾಷೆ’ ಎನ್ನುತ್ತೇವೆ. ಇಂಪಾದ ಅನುವಾದ, ಆದರೆ ಅಂಚಿಗೆ ದೂಡಿದವರು ಯಾರೆಂಬ ಪ್ರಶ್ನೆ ಅದರಲ್ಲಿ ಕರಗಿಹೋಯಿತು. ಇದೇ ತಮಿಳುನಾಡಿನ ನೀಲಗಿರಿಯ ತೋಡ, ಕೋಟ ಭಾಷೆಗಳೂ ಕನ್ನಡಕ್ಕೆ ತೀರ ಹತ್ತಿರದ ಬಡಗ ನುಡಿಯೂ ಯುನೆಸ್ಕೊದ ಅಂಥ ಪಟ್ಟಿಯಲ್ಲಿ ಸೇರಿವೆ. ಕನ್ನಡಕ್ಕೆ ಆ ಸ್ಥಿತಿ ಬಂದಿಲ್ಲ. ಆದರೆ ಚೆನ್ನೈನ ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳು ಕನ್ನಡ ಓದಬಲ್ಲರು?

ವಿಲಿಯಂ ರೀವ್ ರಚಿಸಿದ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಅಚ್ಚಾದದ್ದು ಇದೇ ಮದರಾಸಿನಲ್ಲಿ. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿದ ಊರಿನಲ್ಲಿದ್ದೇವೆ. ಇನ್ನು ಮುಂದೆ ಇಂಥ ಸಂದೇಶ ಬಂದಾಗ ಮನೆಯ ಹಿರಿಯರಿಗೆ “ನಿಮ್ಮ ಗುಟ್ಟಿನ ಪದ ಕಳ್ಳರ ಕೈಸೇರಿದೆ, ಕೂಡಲೇ ಬ್ಯಾಂಕಿಗೆ ತಿಳಿಸಿ” ಎಂದು ಕನ್ನಡದಲ್ಲಿ ಬಿಡಿಸಿ ಹೇಳೋಣ. ಅಷ್ಟರಿಂದಲೇ ಒಬ್ಬರ ಉಳಿತಾಯ ಉಳಿದೀತು.