ಚಂಡಮಾರುತದ ನಂತರ ಅಮೆರಿಕದಲ್ಲಿ ನೆರವು ಪಡೆಯುವುದು ಹೇಗೆ?

ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ಕಾಲ ಪ್ರತಿ ವರ್ಷ ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆ. ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಉತ್ತರ ಕ್ಯಾರೊಲೈನಾ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ನೀರು, ದೀಪ, ಆಹಾರ, ಪೆಟ್ರೋಲ್ ಹೊಂದಿಸಿಕೊಳ್ಳುವುದನ್ನು ಚೆನ್ನಾಗಿ ಕಲಿತಿವೆ. ಆದರೆ ಗಾಳಿ ನಿಂತು, ನೀರು ಇಳಿದ ಮೇಲೆ ಏನು ಮಾಡಬೇಕೆಂಬುದು ಹಲವರಿಗೆ ತಿಳಿದಿಲ್ಲ. ನೆರವು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಎಲ್ಲಿ ಕೇಳಬೇಕು, ಯಾವ ದಿನದೊಳಗೆ ಕೇಳಬೇಕು, ಏನನ್ನು ತೋರಿಸಬೇಕು ಎಂಬುದನ್ನು ಅರಿತವರಿಗೆ ಅದು ಬೇಗ ದೊರೆಯುತ್ತದೆ.

2017ರ ಆಗಸ್ಟ್ 25ರಂದು ಟೆಕ್ಸಾಸ್ ಕರಾವಳಿಗೆ ಅಪ್ಪಳಿಸಿದ ಹಾರ್ವೆ ಚಂಡಮಾರುತ ಇದಕ್ಕೆ ಒಳ್ಳೆಯ ಉದಾಹರಣೆ. ರಾಜ್ಯದ ಕೆಲವೆಡೆ ಕೆಲವೇ ದಿನಗಳಲ್ಲಿ 60 ಇಂಚು ಮಳೆ ಸುರಿಯಿತು. ಆಗಸ್ಟ್ 28ರಂದು ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳಿಂದ ನೀರು ಬಿಡಬೇಕಾಗಿ ಬಂದು, ಪಶ್ಚಿಮ ಹ್ಯೂಸ್ಟನ್‌ನ ಅನೇಕ ಬಡಾವಣೆಗಳು ಜಲಾವೃತವಾದವು. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಸುಮಾರು 200 ಭಾರತೀಯ ವಿದ್ಯಾರ್ಥಿಗಳು ಸಿಲುಕಿದ್ದಾರೆಂದು ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ತಿಳಿಸಿದ್ದರು. ಕೈಯಲ್ಲಿ ಮನೆ ವಿಮೆ ಇದ್ದರೂ ಪ್ರವಾಹ ವಿಮೆ ಇಲ್ಲದ ಕುಟುಂಬಗಳು ಆಗ ಬಹಳ ಕಷ್ಟಕ್ಕೆ ಒಳಗಾದವು.

ಮೊದಲ ಎರಡು ದಿನಗಳು

ಅಧಿಕಾರಿಗಳು ಸುರಕ್ಷಿತವೆಂದು ತಿಳಿಸಿದ ಮೇಲೆಯೇ ಮನೆಗೆ ಮರಳಬೇಕು. ಒಳಗೆ ಏನನ್ನೂ ಎತ್ತುವ ಮೊದಲು ಪ್ರತಿ ಕೋಣೆಯ ಫೋಟೊ ಮತ್ತು ವಿಡಿಯೊ ತೆಗೆಯಬೇಕು. ಗೋಡೆಯ ಮೇಲೆ ನೀರು ನಿಂತ ಗುರುತು, ಫ್ರಿಜ್ ಹಾಗೂ ವಾಷಿಂಗ್ ಮಷೀನಿನ ಮಾಡೆಲ್ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕು. ಆ ನಂತರ ಒದ್ದೆ ವಸ್ತುಗಳನ್ನು ಹೊರಹಾಕಿ ಒಣಗಿಸುವ ಕೆಲಸಕ್ಕೆ ತಡಮಾಡಬಾರದು. 24ರಿಂದ 48 ಗಂಟೆಗಳಲ್ಲಿ ಬೂಸ್ಟು ಬೆಳೆಯಲು ಆರಂಭವಾಗುತ್ತದೆ. ಜನರೇಟರನ್ನು ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಓಡಿಸಬಾರದು. ಕನಿಷ್ಠ 20 ಅಡಿ ದೂರದಲ್ಲಿ, ಬಯಲಿನಲ್ಲಿ ಇಡಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಂಡಮಾರುತ ಕಳೆದ ಮೇಲೆ ಇದರಿಂದಲೇ ಜೀವ ಕಳೆದುಕೊಳ್ಳುವವರಿದ್ದಾರೆ.

ಮೊದಲ ಕರೆ ಯಾರಿಗೆ?

ಜೀವಾಪಾಯವಿದ್ದರೆ 911. ಉಳಿದೆಲ್ಲ ಅಗತ್ಯಗಳಿಗೆ, ಅಂದರೆ ಹತ್ತಿರದ ಆಶ್ರಯ ತಾಣ, ಊಟ, ಬಟ್ಟೆ, ಬಾಡಿಗೆ ನೆರವು ಇವುಗಳಿಗೆ 211 ಸಂಖ್ಯೆಗೆ ಕರೆ ಮಾಡಬಹುದು. ಸ್ಥಳೀಯ ಸರಕಾರಿ ಹಾಗೂ ಸೇವಾ ಸಂಸ್ಥೆಗಳ ಮಾಹಿತಿ ಅಲ್ಲಿ ಒಂದೇ ಕಡೆ ಸಿಗುತ್ತದೆ. ರೆಡ್ ಕ್ರಾಸ್ ಆಶ್ರಯ ತಾಣಗಳಲ್ಲಿ ಯಾರೂ ಹಣ ಕೊಡಬೇಕಾಗಿಲ್ಲ. ಮಾಂಸಾಹಾರ, ಕಂದಮೂಲಗಳನ್ನು ವರ್ಜಿಸುವ ಕುಟುಂಬಗಳು ಅಲ್ಲಿಗೆ ಹೋಗುವಾಗ ಅವಲಕ್ಕಿ, ಹುರಿಗಡಲೆ, ಒಣಹಣ್ಣಿನಂಥ ಆಹಾರವನ್ನು ಎರಡು ಮೂರು ದಿನಕ್ಕಾಗುವಷ್ಟು ಒಯ್ಯುವುದು ಒಳ್ಳೆಯದು.

ಆಘಾತದಿಂದ ನಿದ್ದೆ ಬಾರದವರು, ಮಂಕಾದವರು 1-800-985-5990 ಸಂಖ್ಯೆಯಲ್ಲಿ ದಿನದ ಯಾವ ಹೊತ್ತಿನಲ್ಲೂ ಆಪ್ತಸಲಹೆಗಾರರೊಡನೆ ಮಾತನಾಡಬಹುದು. ಇದಕ್ಕೆ ಶುಲ್ಕವಿಲ್ಲ.

ಫೆಮಾ ನೆರವು

ಅಧ್ಯಕ್ಷರು ಮಹಾವಿಕೋಪ ಘೋಷಿಸಿ, ವೈಯಕ್ತಿಕ ನೆರವಿಗೆ ಒಪ್ಪಿಗೆ ಕೊಟ್ಟ ಕೌಂಟಿಗಳ ನಿವಾಸಿಗಳು ಕೇಂದ್ರ ಸರಕಾರದ ವಿಕೋಪ ನಿರ್ವಹಣಾ ಸಂಸ್ಥೆಯಾದ ಫೆಮಾಗೆ ಅರ್ಜಿ ಹಾಕಬಹುದು. ಡಿಸಾಸ್ಟರ್ ಅಸಿಸ್ಟೆನ್ಸ್ ಡಾಟ್ ಗವ್ ತಾಣ, ಫೆಮಾ ಆ್ಯಪ್ ಅಥವಾ 1-800-621-3362 ಸಂಖ್ಯೆ ಇದಕ್ಕಿರುವ ದಾರಿಗಳು. ಸಾಮಾನ್ಯವಾಗಿ ಘೋಷಣೆಯ ದಿನದಿಂದ 60 ದಿನಗಳ ಕಾಲಾವಕಾಶವಿರುತ್ತದೆ. ಮನೆಯ ಒಡೆಯರು ಮಾತ್ರವಲ್ಲ, ಬಾಡಿಗೆಗಿರುವವರೂ ತಾತ್ಕಾಲಿಕ ವಸತಿಗೆ ಮತ್ತು ಹಾಳಾದ ಅಗತ್ಯ ವಸ್ತುಗಳಿಗೆ ಕೇಳಬಹುದು. ಇದು ಸಾಲವಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಉತ್ತರ ಕ್ಯಾರೊಲೈನಾದ ಬೆಟ್ಟದ ಊರುಗಳನ್ನು ಕೊಚ್ಚಿದಾಗ, ಫೆಮಾ ಕೊಡುವುದು 750 ಡಾಲರ್ ಮಾತ್ರ, ಅದನ್ನೂ ಹಿಂದಿರುಗಿಸಬೇಕು ಎಂಬ ಗಾಳಿಸುದ್ದಿ ಹಬ್ಬಿತು. ವಾಸ್ತವವಾಗಿ ಆ ಮೊತ್ತ ಆಹಾರ, ನೀರು, ಔಷಧದಂಥ ತುರ್ತು ಅಗತ್ಯಕ್ಕೆ ಮೊದಲು ಬರುವ ಕಂತು. ಮನೆ ದುರಸ್ತಿಯ ನೆರವು ಬೇರೆ. ಗಾಳಿಸುದ್ದಿ ನಂಬಿ ಅರ್ಜಿ ಹಾಕದವರು ತಮ್ಮ ಪಾಲನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ.

ವೀಸಾ ಮೇಲೆ ಇರುವವರಿಗೆ

ಭಾರತೀಯ ಕುಟುಂಬಗಳಲ್ಲಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಫೆಮಾದ ಹಣದ ನೆರವು ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಹೊಂದಿದವರು ಹಾಗೂ ಆಶ್ರಯ ಪಡೆದವರಂಥ ಕೆಲವು ವರ್ಗದವರಿಗೆ ಮೀಸಲು. ಎಚ್-1ಬಿ, ಎಚ್-4, ಎಫ್-1 ವೀಸಾದವರು ಮತ್ತು ಮಕ್ಕಳನ್ನು ನೋಡಲು ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಯರು ತಮ್ಮ ಹೆಸರಿನಲ್ಲಿ ಇದನ್ನು ಪಡೆಯಲಾಗುವುದಿಲ್ಲ. ಆದರೆ ಅಮೆರಿಕದ ಪ್ರಜೆಯಾದ, 18 ವರ್ಷ ತುಂಬದ ಮಗು ಅದೇ ಮನೆಯಲ್ಲಿದ್ದರೆ, ಮಗುವಿನ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ಹಾಕಬಹುದು. ಮಗುವಿನ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕಾಗುತ್ತದೆ. ಅರ್ಹತೆಯ ಘೋಷಣೆಗೆ ಸಹಿ ಹಾಕುವಾಗ ಮಗುವಿನ ಪರವಾಗಿ ಎಂಬುದು ಸ್ಪಷ್ಟವಾಗಿರಬೇಕು. ಸುಳ್ಳು ಘೋಷಣೆ ಅಪರಾಧ.

ಇಂಥ ಮಗು ಇಲ್ಲದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಶ್ರಯ, ಊಟ, ನೀರು, ತುರ್ತು ಚಿಕಿತ್ಸೆ, ಆಪ್ತಸಲಹೆ ಇವಕ್ಕೆ ವೀಸಾ ಅಡ್ಡಿಯಲ್ಲ. ಪಾಸ್‌ಪೋರ್ಟ್ ನೀರುಪಾಲಾದರೆ ತಮ್ಮ ರಾಜ್ಯಕ್ಕೆ ಸಂಬಂಧಿಸಿದ ಭಾರತೀಯ ಕಾನ್ಸುಲೇಟನ್ನು ಸಂಪರ್ಕಿಸಬೇಕು. ಟೆಕ್ಸಾಸ್‌ಗೆ ಹ್ಯೂಸ್ಟನ್, ಫ್ಲಾರಿಡಾ ಮತ್ತು ಜಾರ್ಜಿಯಾಗಳಿಗೆ ಅಟ್ಲಾಂಟಾ. ವಲಸೆ ಇಲಾಖೆಯೂ ವಿಕೋಪಕ್ಕೆ ಸಿಲುಕಿದವರ ಕೋರಿಕೆಯನ್ನು ವಿಶೇಷವಾಗಿ ಪರಿಶೀಲಿಸುತ್ತದೆ. ವಾಸ ಬೇರೆಡೆಗೆ ಬದಲಾದರೆ 10 ದಿನಗಳೊಳಗೆ ಹೊಸ ವಿಳಾಸವನ್ನು ಆ ಇಲಾಖೆಗೆ ತಿಳಿಸುವುದನ್ನು ಮರೆಯಬಾರದು.

ವಿಮೆ ಮತ್ತು ಸಾಲ

ವಿಮೆ ಇದ್ದವರು ಮೊದಲು ವಿಮಾ ಕಂಪನಿಗೆ ತಿಳಿಸಬೇಕು. ವಿಮೆ ಭರಿಸಿದ ನಷ್ಟಕ್ಕೇ ಫೆಮಾ ಮತ್ತೆ ಹಣ ಕೊಡುವುದಿಲ್ಲ. ಆದರೆ ವಿಮೆಯಲ್ಲಿ ಸಿಗದ ಭಾಗಕ್ಕೆ ಕೊಡಬಹುದು. ಹಾಗೆಂದು ವಿಮೆಯ ಉತ್ತರಕ್ಕಾಗಿ ಕಾಯುತ್ತ ಫೆಮಾ ಅರ್ಜಿಯ ದಿನಾಂಕ ದಾಟಲು ಬಿಡಬಾರದು. ಸಾಮಾನ್ಯ ಮನೆ ವಿಮೆ ಪ್ರವಾಹದ ಹಾನಿಯನ್ನು ಭರಿಸುವುದಿಲ್ಲ. ರಾಷ್ಟ್ರೀಯ ಪ್ರವಾಹ ವಿಮೆಯಲ್ಲಿ ವಾಸದ ಮನೆಗೆ 2,50,000 ಡಾಲರ್, ಒಳಗಿನ ವಸ್ತುಗಳಿಗೆ 1,00,000 ಡಾಲರ್‌ವರೆಗೆ ರಕ್ಷಣೆ ಇದೆ. ಇದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕಾದ್ದರಿಂದ, ಬಿರುಗಾಳಿಯ ಸುದ್ದಿ ಬಂದ ಮೇಲೆ ಕೊಂಡರೆ ಪ್ರಯೋಜನವಾಗದು.

ಎಸ್‌ಬಿಎ ಎಂಬ ಸರಕಾರಿ ಸಂಸ್ಥೆ ಮನೆ ದುರಸ್ತಿಗೆ 5,00,000 ಡಾಲರ್‌ವರೆಗೆ, ವಸ್ತುಗಳಿಗೆ 1,00,000 ಡಾಲರ್‌ವರೆಗೆ ವಿಕೋಪ ಸಾಲ ಕೊಡುತ್ತದೆ. ಹೆಸರಿನಲ್ಲಿ ಸಣ್ಣ ವ್ಯಾಪಾರ ಎಂದಿದ್ದರೂ ಮನೆಯವರು, ಬಾಡಿಗೆದಾರರು ಅರ್ಜಿ ಹಾಕಬಹುದು. ಇದನ್ನು ಮಾತ್ರ ಬಡ್ಡಿಸಹಿತ ತೀರಿಸಬೇಕು.

ಇಲ್ಲವೆಂಬ ಪತ್ರ ಬಂದರೆ

ಫೆಮಾದಿಂದ ಅನರ್ಹರೆಂಬ ಪತ್ರ ಬಂದೊಡನೆ ಕೈಚೆಲ್ಲುವವರು ಅನೇಕರು. ಬಹಳಷ್ಟು ಸಲ ಕೊರತೆ ಇರುವುದು ಒಂದು ದಾಖಲೆಯದು: ವಿಮಾ ಕಂಪನಿಯ ತೀರ್ಮಾನದ ಪತ್ರ, ವಾಸದ ಪುರಾವೆ, ಗುರುತಿನ ಚೀಟಿ ಅಥವಾ ಮನೆಯ ಒಡೆತನದ ಪತ್ರ. ಪತ್ರದಲ್ಲಿ ಕಾರಣ ಬರೆದಿರುತ್ತದೆ. ಪತ್ರದ ದಿನಾಂಕದಿಂದ 60 ದಿನಗಳೊಳಗೆ ಆ ದಾಖಲೆಯೊಂದಿಗೆ ಮೇಲ್ಮನವಿ ಸಲ್ಲಿಸಬಹುದು. ಕಳುಹಿಸುವ ಪ್ರತಿ ಹಾಳೆಯ ಮೇಲೂ ಫೆಮಾ ನೋಂದಣಿ ಸಂಖ್ಯೆ ಬರೆಯಬೇಕು. ಬಿಕ್ಕಟ್ಟು ಹೆಚ್ಚಾದರೆ, ಕಡಿಮೆ ಆದಾಯದವರಿಗೆ ಉಚಿತ ವಿಕೋಪ ಕಾನೂನು ನೆರವೂ ಇದೆ.

ಮೋಸದಿಂದ ಎಚ್ಚರ

ಸಂಕಷ್ಟದ ಜಾಗಕ್ಕೆ ವಂಚಕರೂ ಬರುತ್ತಾರೆ. ಫೆಮಾ ಪರಿಶೀಲಕರ ಬಳಿ ಭಾವಚಿತ್ರವಿರುವ ಅಧಿಕೃತ ಗುರುತಿನ ಚೀಟಿ ಇರುತ್ತದೆ. ಅವರು ಎಂದೂ ಹಣ ಕೇಳುವುದಿಲ್ಲ. ಪೂರ್ತಿ ಹಣವನ್ನು ಮುಂಗಡವಾಗಿ, ಅದೂ ನಗದಾಗಿ ಕೇಳುವ ಕಂಟ್ರಾಕ್ಟರನ್ನು ದೂರವಿಡಬೇಕು. ಸಂಶಯ ಬಂದರೆ 1-866-720-5721ಕ್ಕೆ ದೂರು ನೀಡಬಹುದು.

ನೆರೆಹೊರೆಯವರು ಮಾಡಬಹುದಾದ್ದು

ದೇವಸ್ಥಾನ, ಬಸದಿ, ಕನ್ನಡ ಸಂಘಗಳು ಊಟ ಬಟ್ಟೆ ಹಂಚುವುದರ ಜೊತೆಗೆ ಇನ್ನೊಂದು ಸೇವೆ ಮಾಡಬಹುದು. ಇಂಗ್ಲಿಷ್ ಅರ್ಜಿ ತುಂಬಲು ತಿಳಿದ ಇಬ್ಬರು ಒಂದು ಮೇಜು, ಲ್ಯಾಪ್‌ಟಾಪ್, ಸ್ಕ್ಯಾನರ್ ಇಟ್ಟುಕೊಂಡು ಕುಳಿತರೆ ಹಲವು ಕುಟುಂಬಗಳಿಗೆ ದಾರಿಯಾಗುತ್ತದೆ. ಪ್ರತಿ ಮನೆಯವರೂ ಈಗಲೇ ಪಾಸ್‌ಪೋರ್ಟ್, ವೀಸಾ, ಐ-94, ಬಾಡಿಗೆ ಕರಾರು, ವಿಮಾ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಇವುಗಳ ಪ್ರತಿಗಳನ್ನು ಆನ್‌ಲೈನ್‌ನಲ್ಲಿ ಸುರಕ್ಷಿತವಾಗಿಟ್ಟು, ಬೇರೆ ಊರಿನ ಒಬ್ಬ ಬಂಧುವಿಗೂ ಕೊಟ್ಟಿರಬೇಕು. ನಿಯಮಗಳೂ ಮೊತ್ತಗಳೂ ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ದಿನ ಅಧಿಕೃತ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳುವುದು ಲೇಸು.